ಮನೆಯಲ್ಲಿರುವ ಅಪ್ಪನಿಗೂ ಓಣಿಯ ಆಸರೆ ಬೇಕು

ಹೆಂಡತಿ ನೌಕರಿಗೆ ಹೋಗಿ, ಗಂಡ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ಸಂಸಾರಗಳು ಈಗ ನಮ್ಮ ಸಣ್ಣ ಊರುಗಳಲ್ಲೂ ಕಾಣುತ್ತಿವೆ. ಅಂಥ ಅಪ್ಪಂದಿರಿಗೆ ಕೆಲಸಕ್ಕಿಂತ ಭಾರವಾಗುವುದು ಒಂಟಿತನ. ಅದನ್ನು ಹಗುರ ಮಾಡೋದು ಬಹುಪಾಲು ನಮ್ಮ ಕೈಯಲ್ಲೇ ಇದೆ.

ಇವತ್ತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀವು ಎಷ್ಟು ಜನರ ಜೊತೆ ಮಾತಾಡಿದಿರಿ? ಒಮ್ಮೆ ಬೆರಳು ಮಡಚಿ ಎಣಿಸಿ ನೋಡಿ. ಹಾಲು ಹಾಕುವವನ ಜೊತೆ ಎರಡು ಮಾತು. ರಂಗೋಲಿ ಹಾಕುವಾಗ ಎದುರು ಮನೆಯ ವೈನಿ ಜೊತೆ ನಾಲ್ಕು ಮಾತು. ಸ್ಕೂಲ್ ವ್ಯಾನ್ ಬರುವವರೆಗೆ ಮೂಲೆ ಮನೆಯ ಕಟ್ಟೆ ಮೇಲೆ ಕೂತು ಮಗುವಿನ ಕೆಮ್ಮಿನಿಂದ ಹಿಡಿದು ಬ್ಲೌಸ್ ಹೊಲಿಯುವವಳ ತನಕ ಹತ್ತು ವಿಷಯ. ತರಕಾರಿ ಗಾಡಿಯ ಹತ್ತಿರ ಚೌಕಾಸಿ ಮಾಡುವಾಗ ಇನ್ನಿಬ್ಬರು ಸೇರಿಕೊಂಡರು. ಕೆಲಸ ಮುಗಿದ ಮೇಲೆ ತವರಿಗೆ ಒಂದು ಫೋನ್. ಇದನ್ನೆಲ್ಲ ನಾವು ಲೆಕ್ಕಕ್ಕೇ ಹಿಡಿಯೋದಿಲ್ಲ. ‘ನಮ್ಮದೇನು, ನಾಲ್ಕು ಗೋಡೆ ಮಧ್ಯದ ಬದುಕು’ ಅಂತ ಗೊಣಗುತ್ತೇವೆ, ಅಷ್ಟೆ.

ಈಗ ಈ ಮಾತುಕತೆಯನ್ನೆಲ್ಲ ಆ ಲೆಕ್ಕದಿಂದ ಕಳೆಯಿರಿ. ಮನೆ ಇದೆ, ಅಡುಗೆ ಇದೆ, ಒಂದೂವರೆ ವರ್ಷದ ಕೂಸು ಇದೆ, ಒಗೆಯುವ ಬಟ್ಟೆ ಇದೆ. ಆದರೆ ಕಟ್ಟೆ ಇಲ್ಲ, ವೈನಿ ಇಲ್ಲ, ತವರಿನ ಫೋನೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿ ಬಸ್ಸು ಹತ್ತಿದರೆ ಸಂಜೆ ಆರರವರೆಗೆ ದೊಡ್ಡವರ ಧ್ವನಿ ಕಿವಿಗೆ ಬೀಳೋದಿಲ್ಲ. ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ಅಪ್ಪನ ದಿನ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಯಾರು ಈ ಅಪ್ಪಂದಿರು?

ಇದು ಬೆಂಗಳೂರಿನ ಸುದ್ದಿ, ನಮಗೆ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ನಮ್ಮ ತಾಲೂಕು ಊರುಗಳಲ್ಲೇ ಸ್ವಲ್ಪ ಕಣ್ಣು ಬಿಟ್ಟು ನೋಡಿ. ಹೆಂಡತಿ ಸರ್ಕಾರಿ ಶಾಲೆಯ ಟೀಚರ್, ಇಲ್ಲವೇ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಇಲ್ಲವೇ ಬಸ್ ಕಂಡಕ್ಟರ್. ಅವಳದು ಕಾಯಂ ನೌಕರಿ, ತಿಂಗಳಿಗೆ ಸರಿಯಾಗಿ ಪಗಾರ. ಗಂಡನದು ಸಣ್ಣ ಅಂಗಡಿ, ಕಮಿಷನ್ ವ್ಯವಹಾರ, ಇಲ್ಲವೇ ವರ್ಷಕ್ಕೊಮ್ಮೆ ಮುಗಿಯುವ ಗುತ್ತಿಗೆ ಕೆಲಸ. ಮಗು ಹುಟ್ಟಿತು, ಬಾಣಂತನ ಮುಗಿಯಿತು, ತಾಯಿಯ ರಜೆಯೂ ಮುಗಿಯಿತು. ಅತ್ತೆ ಮಾವ ಹಳ್ಳಿಯಲ್ಲಿ ಹೊಲ ಬಿಟ್ಟು ಬರುವ ಹಾಗಿಲ್ಲ. ನಂಬಿ ಕೂಸನ್ನು ಬಿಡುವಂಥ ಜಾಗ ಹತ್ತಿರದಲ್ಲಿಲ್ಲ. ಗಂಡ ಹೆಂಡತಿ ಒಂದು ರಾತ್ರಿ ಕೂತು ಲೆಕ್ಕ ಹಾಕುತ್ತಾರೆ. ‘ನಿನ್ನ ನೌಕರಿ ಬಿಡೋದು ಬ್ಯಾಡ, ನಾನs ಒಂದೆರಡು ವರ್ಷ ನೋಡಕೋತೀನಿ’ ಅಂತ ಗಂಡ ಹೇಳುತ್ತಾನೆ. ಅಲ್ಲಿಗೆ ಮುಗಿಯಿತು.

ಎಲ್ಲರೂ ಹೀಗೆ ಯೋಚನೆ ಮಾಡಿಯೇ ಮನೆಯಲ್ಲಿ ನಿಂತವರಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ರಾಮದುರ್ಗದ ಕಡೆ ನೇಕಾರರ ಮನೆಗಳಿಗೆ ನೀರು ನುಗ್ಗಿ ಮಗ್ಗಗಳು ಹಾಳಾದವು. ಮರುವರ್ಷವೇ ಕೊರೊನಾ ಲಾಕ್‌ಡೌನ್ ಬಂತು. ಇಂಥ ಹೊಡೆತಗಳಿಂದ ಮನೆಗೆ ಬಂದು ಕೂತ ಗಂಡಸರೂ ಇದ್ದಾರೆ. ಇನ್ನೊಂದು ಕಡೆ ಹೆಣ್ಣುಮಕ್ಕಳ ಓಡಾಟ ಸಲೀಸಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬೈಲಹೊಂಗಲದಿಂದ ಬೆಳಗಾವಿಗೋ, ಕಿತ್ತೂರಿನಿಂದ ಧಾರವಾಡಕ್ಕೋ ದಿನಾ ಹೋಗಿ ಬಂದರೂ ಸರ್ಕಾರಿ ಬಸ್ಸಿನ ಚಾರ್ಜ್ ಉಳಿಯುತ್ತದೆ. ಸಣ್ಣ ಪಗಾರದ ಕೆಲಸವೂ ಈಗ ಕೈ ಹಿಡಿಯುವಂತಾಗಿದೆ. ಹೆಂಡತಿ ಹೊರಗೆ, ಗಂಡ ಒಳಗೆ ಎಂಬ ಏರ್ಪಾಡು ಇನ್ನು ಮುಂದೆ ಹೆಚ್ಚುವುದೇ ಹೊರತು ಕಡಿಮೆಯಾಗುವ ಹಾಗೆ ಕಾಣೋದಿಲ್ಲ.

ಆದರೆ ಇಂಥವರನ್ನು ಕರೆಯೋದಕ್ಕೆ ನಮ್ಮಲ್ಲಿ ಒಂದು ಒಳ್ಳೇ ಪದವೂ ಇಲ್ಲ ನೋಡಿ! ನಾವು ಗೃಹಿಣಿಯರು. ಅದಕ್ಕೆ ಗಂಡು ಪದ ಗೃಹಸ್ಥ. ಗೃಹಸ್ಥ ಅಂದ ಕೂಡಲೇ ಮನಸ್ಸಿಗೆ ಬರೋದು ದುಡಿದು ತಂದು ಹಾಕುವವನು, ಅನ್ನ ಕಲಸಿ ಮಗುವಿಗೆ ಉಣಿಸುವವನಲ್ಲ. ಒಳ್ಳೇ ಪದ ಇಲ್ಲದ ಜಾಗಕ್ಕೆ ಕೆಟ್ಟ ಮಾತುಗಳು ಬಂದು ಕೂತಿವೆ. ‘ಹೆಂಡ್ತಿ ದುಡೀತಾಳ, ಇಂವಾ ಕುಂತು ಉಣ್ತಾನ’ ಅನ್ನೋದು ಒಂದು. ‘ಏನೋ ತಮ್ಮಾ, ಇವತ್ತೂ ರಜಾ ಏನು?’ ಅಂತ ದಿನಾ ಕೇಳುವ ವ್ಯಂಗ್ಯ ಇನ್ನೊಂದು. ಕುಂತು ಉಣ್ಣೋದು ಅಂದರೆ ಏನು ಅಂತ ಮನೆ ಕೆಲಸ ಮಾಡುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಮಗ್ಗದ ಮನೆ ಹೇಳುವ ಮಾತು

ಗಂಡಸು ಹಗಲಿಡೀ ಮನೆಯಲ್ಲಿರೋದು ಇವತ್ತಿನ ಹೊಸ ಸಂಗತಿಯೇ? ಅಲ್ಲ. ರಾಮದುರ್ಗ, ಸುರೇಬಾನ, ಮನಿಹಾಳದ ನೇಕಾರ ಓಣಿಗಳಲ್ಲಿ ಇದು ಅಜ್ಜ ಮುತ್ತಜ್ಜರ ಕಾಲದಿಂದ ಇದ್ದದ್ದೇ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಾನೆ, ಅವ್ವ ಕಂಡಿಕೆ ಸುತ್ತುತ್ತಾಳೆ. ಕೂಸು ಅಲ್ಲೇ ಪಕ್ಕದ ತೊಟ್ಟಿಲಲ್ಲಿ ಮಗ್ಗದ ಸದ್ದಿಗೇ ನಿದ್ದೆ ಹೋಗುತ್ತದೆ. ಅವ್ವ ನೀರಿಗೆ ಹೋದರೆ ಅಪ್ಪನೇ ತೊಟ್ಟಿಲು ತೂಗುತ್ತಾನೆ. ಅದನ್ನು ಅಲ್ಲಿ ಯಾರೂ ಆಡಿಕೊಳ್ಳೋದಿಲ್ಲ. ಯಾಕೆ? ಮೊದಲನೆಯದಾಗಿ ಅವನ ಕೈಯಲ್ಲಿ ಲಾಳಿ ಇದೆ. ಅದಕ್ಕಿಂತ ಮುಖ್ಯವಾಗಿ ಪಕ್ಕದ ಮನೆಯಲ್ಲೂ ಒಬ್ಬ ಅಪ್ಪ ಇದ್ದಾನೆ, ಎದುರು ಮನೆಯಲ್ಲೂ ಒಬ್ಬನಿದ್ದಾನೆ. ನೂಲು ಹರಿದಾಗ ಒಂದು ಕೂಗು, ಚಹಾ ಹೊತ್ತಿಗೆ ಒಂದು ಹರಟೆ.

ಅಂದರೆ ಗಂಡಸು ಮನೆಯಲ್ಲಿರೋದು ಹೊಸದಲ್ಲ, ಮನೆಯಲ್ಲಿ ಒಬ್ಬನೇ ಇರೋದು ಹೊಸದು. ಈ ಒಂದು ಮಾತನ್ನು ನಾವು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಅವನಿಗೆ ಅನ್ನ ಮಾಡಲು ಬರೋದಿಲ್ಲ, ಕೂಸಿಗೆ ಎರೆಯಲು ಬರೋದಿಲ್ಲ ಅನ್ನೋದು ದೊಡ್ಡ ಸಮಸ್ಯೆಯಲ್ಲ. ಅದನ್ನು ಹದಿನೈದು ದಿನದಲ್ಲಿ ಕಲಿಯಬಹುದು. ನಾವೂ ತವರಿನಿಂದ ಕಲಿತೇ ಬಂದವರಲ್ಲವಲ್ಲ! ಅವನಿಗೆ ಕೇಳಲು, ಹೇಳಲು, ನಗಲು ಒಬ್ಬರೂ ಇಲ್ಲ ಅನ್ನೋದೇ ದೊಡ್ಡ ಸಮಸ್ಯೆ.

ಲೆಕ್ಕದ ಮಾತು ಬೇಕಾದರೆ ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆ ನೋಡಿ. 15ರಿಂದ 59 ವರ್ಷದ ನೂರು ಹೆಣ್ಣುಮಕ್ಕಳಲ್ಲಿ 41 ಮಂದಿ ದಿನದಲ್ಲಿ ಸ್ವಲ್ಪ ಹೊತ್ತಾದರೂ ಮನೆಯ ಮಕ್ಕಳು, ವಯಸ್ಸಾದವರ ಆರೈಕೆ ಮಾಡುತ್ತಾರೆ. ಅದೇ ವಯಸ್ಸಿನ ನೂರು ಗಂಡಸರಲ್ಲಿ 21 ಮಂದಿ ಮಾಡುತ್ತಾರೆ. ಹೆಂಗಸರು ಅದಕ್ಕೆ ಕೊಡುವ ಹೊತ್ತು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ. ನಮ್ಮ ಪಾಲು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐದು ಗಂಡಸರಲ್ಲಿ ಒಬ್ಬ ಮನೆಯವರ ಆರೈಕೆಗೆ ಕೈ ಹಾಕುತ್ತಿದ್ದಾನೆ ಅನ್ನೋದನ್ನೂ ಮರೆಯಬೇಡಿ. ಇವರು ಇದ್ದಾರೆ, ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲ. ಗೊತ್ತಾದರೂ ‘ನಾನು ಮಗುವನ್ನು ನೋಡಿಕೊಳ್ಳುತ್ತೇನೆ’ ಅಂತ ಗಂಡಸು ಗಂಡಸಿನ ಮುಂದೆ ಬಾಯಿ ಬಿಡೋದಿಲ್ಲ.

ಎಲ್ಲದಕ್ಕೂ ‘ತಾಯಿ’ ಹೆಸರು

ಮಕ್ಕಳಿಗೆ ಸಂಬಂಧಪಟ್ಟ ನಮ್ಮ ಎಲ್ಲ ವ್ಯವಸ್ಥೆಯೂ ತಾಯಿಯ ಹೆಸರಿನಲ್ಲೇ ಇದೆ. ಬಸುರಿಯಾದಾಗ ಕೊಡೋದು ತಾಯಿ ಕಾರ್ಡ್. ಅಂಗನವಾಡಿಯಲ್ಲಿ ನಡೆಯೋದು ತಾಯಂದಿರ ಸಭೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕೇಳೋದು ‘ಕೂಸಿನ ಅವ್ವ ಅದಾರೇನ್ರಿ?’ ಅಂತ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಗುಂಪುಗಳಲ್ಲಿ ಉಳಿತಾಯ, ಸಾಲದ ಜೊತೆಗೆ ಮಕ್ಕಳ ಆರೋಗ್ಯದ ಮಾತೂ ಬರುತ್ತದೆ, ಅದೂ ಹೆಂಗಸರದ್ದೇ. ಇದರಲ್ಲಿ ತಪ್ಪೇನಿಲ್ಲ. ತಾಯಂದಿರಿಗಾಗಿ ಮಾಡಿದ ವ್ಯವಸ್ಥೆ, ಅದರಿಂದ ನಮಗೆಲ್ಲ ಒಳ್ಳೇದೇ ಆಗಿದೆ. ಆದರೆ ಹಗಲು ಹೊತ್ತು ಮಗುವಿನ ಜೊತೆ ಅಪ್ಪ ಇದ್ದರೆ ಆ ಮಾಹಿತಿ ಅವನ ತನಕ ಬರೋದೇ ಇಲ್ಲ.

ಒಂದು ಉದಾಹರಣೆ ತಗೊಳ್ಳಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಮಗುವಿಗೆ ಪೆಂಟಾವೇಲೆಂಟ್ ಲಸಿಕೆ ಹಾಕಿಸುತ್ತೇವೆ. ಹಾಕಿಸಿದ ರಾತ್ರಿ ಸ್ವಲ್ಪ ಮೈ ಬಿಸಿಯಾಗೋದು, ಚುಚ್ಚಿದ ಜಾಗ ಊದೋದು, ಕೂಸು ಕಿರಿಕಿರಿ ಮಾಡೋದು ಸಹಜ. ನಮಗೆ ಇದು ಹೇಗೆ ಗೊತ್ತು? ನರ್ಸ್ ಹೇಳಿದ್ದು ಅರ್ಧ, ಲಸಿಕೆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗ ಪಕ್ಕದವಳು ಹೇಳಿದ್ದು ಇನ್ನರ್ಧ. ಆ ಬೆಂಚಿನ ಮೇಲೆ ಒಬ್ಬ ಗಂಡಸು ಕೂಸನ್ನು ಎತ್ತಿಕೊಂಡು ಬಂದು ಕೂತರೆ ನಾವು ಏನು ಮಾಡುತ್ತೇವೆ? ಸೆರಗು ಸರಿ ಮಾಡಿಕೊಂಡು ಆ ಕಡೆ ಸರಿದು ಕೂರುತ್ತೇವೆ. ಅವನಿಗೆ ಯಾರೂ ಏನೂ ಹೇಳೋದಿಲ್ಲ. ರಾತ್ರಿ ಜ್ವರ ಬಂದಾಗ ಅವನು ಗಾಬರಿಯಾಗುತ್ತಾನೆ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ, ಒಂದೂವರೆ ವರ್ಷದ ಹೊತ್ತಿಗೆ ಬೂಸ್ಟರ್ ಅಂತ ನೆನಪಿಸುವವರೂ ಇರೋದಿಲ್ಲ.

ರಜೆಯ ಕಾನೂನೂ ಹಾಗೆಯೇ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ನಮಗೆಲ್ಲ ಸಂತೋಷ. ಸರ್ಕಾರಿ ನೌಕರನಾದ ಅಪ್ಪನಿಗೆ ಸಿಗೋದು 15 ದಿನದ ಪಿತೃತ್ವ ರಜೆ. ಖಾಸಗಿ ಕೆಲಸದವನಿಗೆ ಕಂಪನಿ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ದೂರದ ಸ್ವೀಡನ್ನಿನಲ್ಲಿ 1974ರಲ್ಲೇ ತಾಯಿಯ ರಜೆಯನ್ನು ತಂದೆ ತಾಯಿ ಇಬ್ಬರೂ ಹಂಚಿಕೊಳ್ಳುವ ರಜೆಯನ್ನಾಗಿ ಮಾಡಿದರು. ಈಗ ಅಲ್ಲಿ ಒಟ್ಟು 480 ದಿನ, ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು. ಅವನು ತಗೊಳ್ಳದಿದ್ದರೆ ಆ ದಿನಗಳು ಹೋದ ಹಾಗೆಯೇ. ನನಗೆ ಅದಕ್ಕಿಂತ ಇಷ್ಟವಾದದ್ದು ಅಲ್ಲಿನ ತೆರೆದ ಬಾಲವಾಡಿಗಳು. ಅಮ್ಮನೋ ಅಪ್ಪನೋ ಮಗುವಿನ ಜೊತೆಯಲ್ಲೇ ಬಂದು ಕೂತು, ಬೇರೆಯವರ ಜೊತೆ ಹರಟಿ, ಕಾಫಿ ಕುಡಿದು ಹೋಗುವ ಜಾಗ. ಅವರಿಗೂ ಗೊತ್ತಾಗಿದೆ, ರಜೆ ಕೊಟ್ಟರೆ ಸಾಲದು, ಕೂರಲು ಒಂದು ಕಟ್ಟೆಯನ್ನೂ ಕೊಡಬೇಕು ಅಂತ! ನಮ್ಮ ಓಣಿಗಳಲ್ಲಿ ಕಟ್ಟೆ ಇದ್ದೇ ಇದೆ. ಸರಿದು ಸ್ವಲ್ಪ ಜಾಗ ಕೊಡಬೇಕಾದವರು ನಾವು.

ಇದರಿಂದ ನಮಗೇನು ಅಂತೀರಾ?

‘ನಮ್ಮದೇ ನಮಗೆ ಹಾಸಿ ಹೊದೆಯುವಷ್ಟಿದೆ, ಗಂಡಸರ ಚಿಂತೆ ನಮಗ್ಯಾಕೆ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಅಪ್ಪ ಸೋತರೆ ಏನಾಗುತ್ತದೆ ನೋಡಿ. ಮೊದಲು ನಿದ್ದೆ ಕಡಿಮೆಯಾಗುತ್ತದೆ. ಸಣ್ಣದಕ್ಕೂ ಸಿಟ್ಟು, ಮಗುವಿನ ಮೇಲೆ ರೇಗಾಟ. ಸಂಜೆ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಕೂಸನ್ನು ಅವಳ ಕೈಗೆ ಹಾಕಿ ಹೊರಗೆ ಹೋಗಿಬಿಡುತ್ತಾನೆ. ಹೋದವನು ಎಲ್ಲಿ ಕೂರುತ್ತಾನೆ ಅನ್ನೋದು ಊರಿಗೆಲ್ಲ ಗೊತ್ತಾಗುತ್ತದೆ. ಹೆರಿಗೆಯ ನಂತರ ಬರುವ ಖಿನ್ನತೆ ತಾಯಂದಿರಿಗಷ್ಟೇ ಅಂತ ನಾವು ತಿಳಿದಿದ್ದೇವೆ. ಅಪ್ಪಂದಿರಿಗೂ ಅದು ಬರಬಹುದು ಅಂತ ವೈದ್ಯರು ಹೇಳುತ್ತಾರೆ. ಹೆಂಗಸರು ಅತ್ತು ಹಗುರಾಗುತ್ತೇವೆ, ಅವರು ಅಳೋದಿಲ್ಲ, ಸಿಟ್ಟಾಗುತ್ತಾರೆ. ವ್ಯತ್ಯಾಸ ಅಷ್ಟೇ.

ಇದೆಲ್ಲದರ ಕೊನೆಗೆ ಆಗೋದೇನು? ಹೆಂಡತಿ ನೌಕರಿಗೆ ರಾಜೀನಾಮೆ ಕೊಡುತ್ತಾಳೆ. ಪರೀಕ್ಷೆ ಬರೆದು, ಮೆರಿಟ್ ಲಿಸ್ಟ್ ಕಾದು, ದೂರದ ಊರಿನಲ್ಲಿ ನಾಲ್ಕು ವರ್ಷ ಕಳೆದು ಪಡೆದ ಕಾಯಂ ನೌಕರಿ. ಬಿಟ್ಟ ಮೇಲೆ ಮತ್ತೆ ಸಿಗೋದಿಲ್ಲ. ನಮ್ಮ ಮನೆಗಳಲ್ಲೂ ಹೆಣ್ಣುಮಕ್ಕಳು ಬಿ.ಎಡ್., ನರ್ಸಿಂಗ್, ಇಂಜಿನಿಯರಿಂಗ್ ಓದುತ್ತಿದ್ದಾರೆ. ‘ನನ್ನ ಹಾಗೆ ಒಲೆ ಮುಂದೆ ಕೂರೋದು ಬೇಡ, ನಿನ್ನ ಕಾಲ ಮೇಲೆ ನೀನು ನಿಲ್ಲು’ ಅಂತ ನಾವೇ ಹೇಳಿ ಓದಿಸುತ್ತಿದ್ದೇವೆ. ನಾಳೆ ಆ ಮಗಳ ನೌಕರಿ ಉಳಿಯೋದು ಕೂಸನ್ನು ಎತ್ತಿಕೊಳ್ಳಲು ನಾಚದ ಅಳಿಯನಿಂದ. ಇವತ್ತು ಓಣಿಯ ಅಪ್ಪನನ್ನು ನೋಡಿ ನಾವು ನಕ್ಕರೆ, ನಾಳೆ ನಮ್ಮ ಅಳಿಯ ಕೂಸನ್ನು ಎತ್ತಿಕೊಳ್ಳಲು ಹೆದರುತ್ತಾನೆ.

ನಮ್ಮದು ರಾಣಿ ಚನ್ನಮ್ಮನ ನಾಡು. 1824ರ ಅಕ್ಟೋಬರ್ 23ರಂದು ಬ್ರಿಟಿಷರನ್ನು ಸೋಲಿಸಿದ ನೆನಪಿಗೆ ಪ್ರತಿವರ್ಷ ಕಿತ್ತೂರು ಉತ್ಸವ ಮಾಡುತ್ತೇವೆ. ಬೈಲಹೊಂಗಲದಲ್ಲಿರುವ ಆಕೆಯ ಸಮಾಧಿಗೆ ಕೈ ಮುಗಿಯುತ್ತೇವೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ 1969ರಿಂದ ಸೈನಿಕ ಶಾಲೆ ನಡೆಯುತ್ತಿದೆ. ಹೆಣ್ಣು ಕತ್ತಿ ಹಿಡಿದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಗಂಡು ತೊಟ್ಟಿಲ ಹಗ್ಗ ಹಿಡಿದರೆ ಯಾಕೆ ನಗಬೇಕು?

ಓಣಿಯ ನಾವು ಏನು ಮಾಡಬಹುದು?

ದೊಡ್ಡ ಕೆಲಸ ಏನಿಲ್ಲ. ಮೊದಲು ಅವನ ಹೆಂಡತಿಯ ಗೆಳೆತನ ಮಾಡಿಕೊಳ್ಳಿ. ಭಾನುವಾರ ಮನೆಗೆ ಹೋಗಿ ‘ನೀವು ಡ್ಯೂಟಿಗೆ ಹೋದಾಗ ಏನಾದರೂ ಬೇಕಾದರೆ ಅಣ್ಣಾರು ನಮ್ಮನ್ನ ಕೇಳಲಿ’ ಅಂತ ಅವಳ ಎದುರಿಗೇ ಹೇಳಿಬಿಡಿ. ಆಮೇಲೆ ಮಾತಾಡಿಸಲು ನಿಮಗೂ ಸಂಕೋಚ ಇಲ್ಲ, ಅವನಿಗೂ ಇಲ್ಲ, ಆಡಿಕೊಳ್ಳುವವರಿಗೂ ಬಾಯಿ ಇಲ್ಲ. ಸಣ್ಣ ಊರು, ನಾಲ್ಕು ಜನ ನಾಲ್ಕು ಮಾತಾಡುತ್ತಾರೆ ಅನ್ನೋ ಅಂಜಿಕೆ ಸುಳ್ಳಲ್ಲ. ಅದಕ್ಕೇ ಮಾತು ಕಟ್ಟೆಯ ಮೇಲೆ, ಎಲ್ಲರ ನಡುವೆ, ಹಗಲಲ್ಲಿ ಇರಲಿ. ನಮ್ಮ ಕಡೆ ಅಣ್ಣಾ, ತಮ್ಮಾ, ಮಾಮಾ ಅಂತ ಸಂಬಂಧ ಕಟ್ಟಿ ಕರೆಯುವ ಒಳ್ಳೇ ಪದ್ಧತಿ ಇದೆಯಲ್ಲ, ಅದು ಇಂಥ ಕಡೆಯೇ ಉಪಯೋಗಕ್ಕೆ ಬರೋದು. ನಿಮ್ಮ ಯಜಮಾನರನ್ನೂ ಒಮ್ಮೆ ಪರಿಚಯ ಮಾಡಿಸಿ.

ಎರಡನೆಯದು, ಮಾತಾಡಿಸುವ ರೀತಿ. ‘ಕೆಲಸ ಎಲ್ಲಾದ್ರೂ ಸಿಕ್ತೇನು?’ ಅಂತ ದಿನಾ ಕೇಳಬೇಡಿ. ಅವನು ಮಾಡುತ್ತಿರೋದೇ ಕೆಲಸ. ‘ಕೂಸು ಈಗ ಏನೇನು ತಿಂತದ?’ ಅಂತ ಕೇಳಿ. ನಮ್ಮನ್ನು ಯಾರಾದರೂ ಹಾಗೆ ಕೇಳಿದರೆ ನಾವು ಅರ್ಧ ಗಂಟೆ ಹೇಳುತ್ತೇವೆ. ಅವನೂ ಹೇಳುತ್ತಾನೆ. ಹಾಗೆಯೇ ಅತಿಯಾಗಿ ಹೊಗಳಲೂಬೇಡಿ. ‘ಅಯ್ಯೋ, ಗಂಡಸಾಗಿ ಎಷ್ಟು ಮಾಡ್ತಾನ ಪಾಪ!’ ಅನ್ನೋ ಹೊಗಳಿಕೆ ಅವನಿಗೂ ಮುಜುಗರ, ದಿನಾ ಅದನ್ನೇ ಮಾಡುವ ನಮಗೂ ಅವಮಾನ.

ಮೂರನೆಯದು, ನಮಗೆ ಗೊತ್ತಿರೋದನ್ನು ಹಂಚಿಕೊಳ್ಳೋದು. ಅಂಗನವಾಡಿ ಸಭೆ ಇದ್ದರೆ ‘ನೀವೂ ಬರ್ರಿ ಅಣ್ಣಾ’ ಅಂತ ಕರೆಯಿರಿ. ಲಸಿಕೆ ದಿನ ಗೊತ್ತಾದರೆ ಹೇಳಿ ಕಳಿಸಿ. ‘ಅಕ್ಕಾರ, ಕೂಸಿಗೆ ಎರಡು ದಿನ ಆತು ಹೊಟ್ಟಿ ಕಟ್ಟೇತಿ, ಏನ್ ಮಾಡಬೇಕ್ರಿ?’ ಅಂತ ಒಬ್ಬ ಗಂಡಸು ಬಾಗಿಲಿಗೆ ಬಂದು ಕೇಳಬೇಕಾದರೆ ಅವನು ಎಷ್ಟು ಧೈರ್ಯ ಕೂಡಿಸಿಕೊಂಡಿರಬೇಕು, ಯೋಚಿಸಿ. ನಗದೇ ಉತ್ತರ ಕೊಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಅಂದರೆ ಮಾತ್ರ ಮನೆಮದ್ದು ಹೇಳುತ್ತ ಕೂರದೆ ‘ಈಗಲೇ ಆಸ್ಪತ್ರೆಗೆ ಹೋಗೋಣ’ ಅಂತ ಜೊತೆಗೆ ಹೊರಡಿ.

ಸವದತ್ತಿಯ ಗೆಳತಿಯರಿಗೆ ಇನ್ನೊಂದು ಮಾತು. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದ ಜಾತ್ರೆ ಬಂದರೆ ಬಸ್ಸಿನವರು, ಪೊಲೀಸರು, ಆಸ್ಪತ್ರೆಯವರಿಗೆಲ್ಲ ಹೊತ್ತು ಗೊತ್ತಿಲ್ಲದ ಡ್ಯೂಟಿ. ಹೆಂಡತಿ ಅಂಥ ನೌಕರಿಯಲ್ಲಿದ್ದರೆ ಆ ದಿನಗಳಲ್ಲಿ ಅಪ್ಪ ಹಗಲೂ ರಾತ್ರಿ ಒಬ್ಬನೇ. ನಿಮ್ಮ ಮನೆಯ ಹೋಳಿಗೆಯಲ್ಲಿ ಎರಡು ಆ ಮನೆಗೂ ಹೋಗಲಿ. ಒಂದು ತಾಸು ಕೂಸನ್ನು ನಿಮ್ಮ ಮಕ್ಕಳ ಜೊತೆ ಆಡಲು ಬಿಡಿಸಿಕೊಳ್ಳಿ. ಅವನು ಒಂದು ನಿದ್ದೆ ಮಾಡಿ ಎದ್ದರೆ ಮನೆಯೇ ಹಗುರಾಗುತ್ತದೆ.

ಡ್ಯೂಟಿಗೆ ಹೋಗುವ ಗೆಳತಿಗೆ

ನಿಮ್ಮ ಮನೆಯಲ್ಲೇ ಇಂಥ ಏರ್ಪಾಡು ಇದ್ದರೆ ನಿಮಗೂ ಎರಡು ಮಾತು. ಮಗುವಿಗೆ ಅವರು ಹಾಕಿದ ಅಂಗಿ ಉಲ್ಟಾ ಇರಬಹುದು, ಜಡೆ ಸೊಟ್ಟ ಇರಬಹುದು. ಬಂದವರ ಮುಂದೆ ಅದನ್ನು ಎತ್ತಿ ಆಡಬೇಡಿ. ನಮ್ಮ ಅಡುಗೆಗೆ ಅತ್ತೆ ನಾಲ್ಕು ಜನರ ಮುಂದೆ ಹೆಸರಿಟ್ಟಾಗ ನಮಗೆ ಹೇಗಾಗಿತ್ತೋ ಅವರಿಗೂ ಹಾಗೇ ಆಗುತ್ತದೆ. ಕೂಸು ಆರೋಗ್ಯವಾಗಿದೆ, ಹೊಟ್ಟೆ ತುಂಬಿದೆ, ನಗುತ್ತಿದೆ ಅಂದರೆ ಅವರ ರೀತಿ ಅವರದು ಅಂತ ಬಿಟ್ಟುಬಿಡಿ.

ಹಣದ ವಿಷಯ ಇನ್ನೂ ಸೂಕ್ಷ್ಮ. ತರಕಾರಿಗೆ ಕೊಟ್ಟ ದುಡ್ಡಿನಲ್ಲಿ ಹತ್ತು ರೂಪಾಯಿ ಉಳಿಸಿ ಸಾಸಿವೆ ಡಬ್ಬಿಯಲ್ಲಿಟ್ಟ ನಮಗೆ ಕೇಳಿ ಪಡೆಯುವ ಹಣದ ಭಾರ ಗೊತ್ತು. ಚಹಾ ಕುಡಿಯಲು, ಕಟಿಂಗ್ ಮಾಡಿಸಲು ಗಂಡ ನಿಮ್ಮ ಮುಂದೆ ಕೈ ಒಡ್ಡುವ ಹಾಗಾಗಬಾರದು. ಪಗಾರ ಬಂದ ದಿನವೇ ಮನೆ ಖರ್ಚಿನ ಹಣವನ್ನೂ, ಅವರ ಕೈಖರ್ಚನ್ನೂ ಬೇರೆ ಬೇರೆ ಮಾಡಿ ಅವರ ಖಾತೆಗೆ ಹಾಕಿಬಿಡಿ. ಕೈಖರ್ಚಿನ ಲೆಕ್ಕ ಕೇಳಬೇಡಿ. ವಾರಕ್ಕೆ ಒಂದು ಸಂಜೆ ಪೂರ್ತಿ ಅವರದು ಅಂತ ಬಿಟ್ಟುಕೊಡಿ. ಆ ಸಂಜೆ ಅವರು ಭಜನೆಗೆ ಹೋಗಲಿ, ವಾಲಿಬಾಲ್ ಆಡಲಿ, ಗೆಳೆಯರ ಜೊತೆ ಮಿರ್ಚಿ ತಿಂದು ಬರಲಿ. ಇನ್ನು ಅಂಗನವಾಡಿ, ಶಾಲೆ, ಡಾಕ್ಟರ ಹತ್ತಿರ ಕೊಡುವ ಫೋನ್ ನಂಬರು ಅವರದ್ದೇ ಇರಲಿ. ನಿಮ್ಮ ನಂಬರು ಕೊಟ್ಟು, ನೀವು ತರಗತಿಯಲ್ಲಿದ್ದಾಗ ಫೋನ್ ಬಂದು, ನೀವು ಅವರಿಗೆ ಹೇಳಿ... ಈ ಸುತ್ತು ಯಾರಿಗೆ ಬೇಕು?

ಅಪ್ಪಂದಿರಿಗೆ ಜೊತೆ ಎಲ್ಲಿ ಸಿಗುತ್ತದೆ?

ಈ ಭಾಗವನ್ನು ಕತ್ತರಿಸಿ ನಿಮ್ಮ ತಮ್ಮನಿಗೋ, ಪಕ್ಕದ ಮನೆಯವರಿಗೋ ಕೊಡಿ.

* ನಿಮ್ಮ ಮೊದಲ ಗೆಳೆಯರು ಅಜ್ಜಂದಿರು. ರಿಟೈರ್ ಆದ ಮಾಸ್ತರರು, ಪೋಸ್ಟಿನವರು ಮೊಮ್ಮಕ್ಕಳ ಕೈ ಹಿಡಿದು ಶಾಲೆಗೆ ಬಿಡೋದನ್ನು, ಗುಡಿ ಕಟ್ಟೆಯಲ್ಲಿ ಆಡಿಸೋದನ್ನು ನೋಡಿರುತ್ತೀರಿ. ಅವರನ್ನು ಯಾರೂ ಆಡಿಕೊಳ್ಳೋದಿಲ್ಲ. ಅವರ ಪಕ್ಕ ಹೋಗಿ ಕೂತರೆ ನಿಮ್ಮನ್ನೂ ಆಡಿಕೊಳ್ಳೋದಿಲ್ಲ. ಮಾತಿಗೆ ಜೊತೆಯೂ ಸಿಗುತ್ತದೆ, ಮಕ್ಕಳಿಗೆ ಆಟವೂ ಆಗುತ್ತದೆ.

* ಹಗಲು ಮನೆಯಲ್ಲಿರುವ ಗಂಡಸರು ನೀವೊಬ್ಬರೇ ಅಲ್ಲ. ರಾತ್ರಿ ಪಾಳಿಯ ಡ್ರೈವರ್, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು, ಮನೆಯಲ್ಲೇ ಮಗ್ಗ ಇಟ್ಟವರು ಇದ್ದಾರೆ. ಇಬ್ಬರು ಸಿಕ್ಕರೂ ಸಾಕು. ವಾರಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಸೇರಿ. ಕಿತ್ತೂರಿನವರಿಗೆ ಕೋಟೆ ಇದೆ, ಸವದತ್ತಿಯವರಿಗೂ ಊರಲ್ಲೇ ಕೋಟೆ ಇದೆ, ಉಳಿದವರಿಗೆ ಗುಡಿಯ ಅಂಗಳ, ಶಾಲೆಯ ಮೈದಾನ ಇವೆ.

* ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಶಾಲಾಭಿವೃದ್ಧಿ ಸಮಿತಿಗೆ, ಅದೇ ಎಸ್‌ಡಿಎಂಸಿಗೆ, ಪಾಲಕರ ಪೈಕಿ ಸದಸ್ಯರಾಗಿ. ಹಗಲು ಹೊತ್ತು ಶಾಲೆಗೆ ಹೋಗಿ ಬರಲು ಪುರುಸೊತ್ತು ಇರುವ ಪಾಲಕರು ಎಲ್ಲ ಶಾಲೆಗೂ ಬೇಕು. ‘ಕಮಿಟಿಯವರು’ ಅಂದ ಮೇಲೆ ಊರು ನಿಮ್ಮನ್ನು ನೋಡುವ ರೀತಿಯೇ ಬೇರೆ.

* ಭಜನಾ ಮಂಡಳಿ, ವಾಚನಾಲಯ, ಗರಡಿ ಮನೆ... ಮದುವೆಗೆ ಮೊದಲು ಎಲ್ಲಿಗೆ ಹೋಗುತ್ತಿದ್ದಿರೋ ಅಲ್ಲಿಗೆ ಹೋಗೋದನ್ನು ಬಿಡಬೇಡಿ. ಮನೆಯಲ್ಲಿರೋದು ಅಂದರೆ ಮನೆಯಲ್ಲಿ ಅಡಗಿ ಕೂರೋದಲ್ಲ.

* ‘ಏನು ಮಾಡ್ತೀರಿ?’ ಅಂತ ಯಾರಾದರೂ ಕೇಳಿದರೆ ಸುತ್ತಿ ಬಳಸಿ ಹೇಳಬೇಡಿ. ‘ಸದ್ಯಕ್ಕೆ ಮಗು ನನ್ನ ಕಡೆ ಐತ್ರಿ, ಮನಿಯವರು ನೌಕರಿ ಮ್ಯಾಲೆ ಅದಾರ’ ಅಂತ ನೇರವಾಗಿ ಹೇಳಿ. ಒಂದು ಸಲ ನೇರ ಹೇಳಿದರೆ ಎರಡನೇ ಸಲ ಯಾರೂ ಕೆದಕೋದಿಲ್ಲ. ನ್ಯೂಜಿಲೆಂಡಿನ ಪ್ರಧಾನಿ ಜಸಿಂಡಾ ಆರ್ಡರ್ನ್ 2018ರಲ್ಲಿ ತಾಯಿಯಾದಾಗ, ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳೋದು ನಾನು ಅಂತ ಅವರ ಸಂಗಾತಿ ಇಡೀ ಲೋಕಕ್ಕೇ ಹೇಳಿದರು.

* ರಾತ್ರಿ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಮಗುವಿನ ಅಳು ಕೇಳಿದರೆ ತಲೆ ಸಿಡಿಯುತ್ತದೆ ಅನ್ನೋದು ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಡಾಕ್ಟರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇದು ಹುಚ್ಚಿನ ಲಕ್ಷಣವಲ್ಲ, ದಣಿವು. ಸಿಟ್ಟು ಕೈ ಮೀರುತ್ತಿದೆ ಅನ್ನಿಸಿದರೆ ಮಾತ್ರ ಎರಡು ವಾರ ಕಾಯಬೇಡಿ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಆ ಕ್ಷಣವೇ ಯಾರನ್ನಾದರೂ ಕರೆಯಿರಿ.

ಕೊನೆಗೊಂದು ಮಾತು

ಯಾವ ಕಾಯಕದಲ್ಲೂ ಮೇಲು ಕೀಳಿಲ್ಲ ಅಂತ ಹನ್ನೆರಡನೇ ಶತಮಾನದಲ್ಲೇ ಶರಣರು ಸಾರಿದ ನೆಲ ಇದು. ಮನೆ ನೋಡಿಕೊಳ್ಳೋದು ಕೀಳು ಕೆಲಸ ಅಂತ ಓಣಿಯ ಅಪ್ಪನನ್ನು ನೋಡಿ ನಾವು ನಕ್ಕರೆ, ದಿನಾ ಅದೇ ಕೆಲಸ ಮಾಡುವ ನಮ್ಮನ್ನು ನಾವೇ ನೋಡಿ ನಕ್ಕ ಹಾಗೆ. ಅವನ ಕೆಲಸಕ್ಕೆ ಬೆಲೆ ಕೊಟ್ಟ ದಿನ ನಮ್ಮ ಕೆಲಸಕ್ಕೂ ಬೆಲೆ ಬರುತ್ತದೆ.

ನಾಳೆ ಸ್ಕೂಲ್ ವ್ಯಾನ್ ಕಾಯುವಾಗ, ದೂರದಲ್ಲಿ ಲೈಟ್ ಕಂಬದ ಹತ್ತಿರ ಮಗುವಿನ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಒಬ್ಬರೇ ನಿಂತ ಅಪ್ಪ ಕಂಡರೆ ಇಷ್ಟು ಮಾಡಿ. ಕಟ್ಟೆ ಮೇಲೆ ಸ್ವಲ್ಪ ಸರಿದು ಕೂತು ‘ಬರ್ರಿ ಅಣ್ಣಾ, ಯಾಕ ನಿಂತೀರಿ, ಇಲ್ಲೇ ಕೂಡ್ರಿ’ ಅನ್ನಿ.